ಹೊಟ್ಟೆ ಕೆಟ್ಟರೆ ಮೀನನ್ನೇ ಬೈಯಬೇಡಿ

ಡಿಸೆಂಬರ್ ರಜೆ ಶುರುವಾಯಿತೆಂದರೆ ಕಾಸರಗೋಡಿನ ಬೇಕಲ, ಪಳ್ಳಿಕ್ಕೆರೆ, ಕಾಪ್ಪಿಲ್ ಬೀಚುಗಳಿಗೆ ಘಟ್ಟದ ಮೇಲಿನವರು ಬಸ್ಸು ಮಾಡಿಕೊಂಡು ಬರುತ್ತಾರೆ. ಅವರ ಹಿಂದೆಯೇ ಈ ಅಂಕಣಕ್ಕೆ ವಾಂತಿ-ಭೇದಿಯ ಪ್ರಶ್ನೆಗಳೂ ಬರುತ್ತವೆ. ಈ ಸಲ ಬಂದವರದ್ದು, ಇಲ್ಲಿಯವರದ್ದು ಎರಡೂ ಸೇರಿಸಿ ನಾಲ್ಕು ಪ್ರಶ್ನೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಾವು ಎಂಟು ಜನ ಹಾಸನದಿಂದ ಬೇಕಲ ಕೋಟೆ ನೋಡಲು ಹೋಗಿದ್ದೆವು. ಶನಿವಾರ ಸಂಜೆ ಬೀಚಿನಲ್ಲಿ ಎಲ್ಲರೂ ಕುಲುಕ್ಕಿ ಸರ್ಬತ್ ಕುಡಿದೆವು. ರಾತ್ರಿ ಒಂಬತ್ತಕ್ಕೆ ಅಂಜಲ್ ಫ್ರೈ ಊಟ. ಹನ್ನೊಂದಕ್ಕೆ ನನಗೆ, ಮಗನಿಗೆ, ನಮ್ಮ ಅತ್ತಿಗೆಗೆ ಹೊಟ್ಟೆ ಹಿಂಡಿ ಭೇದಿ ಶುರುವಾಯಿತು. ಮಗನಿಗೆ ಜ್ವರವೂ ಬಂತು. ಅತ್ತಿಗೆ ಮೀನು ತಿನ್ನುವವರಲ್ಲ, ಆದರೂ ಅದೇ ಅಡುಗೆಮನೆಯ ಊಟ ಅಲ್ವಾ? ಶುಕ್ರವಾರ ರಾತ್ರಿ ದಾರಿಯಲ್ಲಿ ನಾವು ಮೂವರು ಇಡ್ಲಿ ತಿಂದದ್ದು ಬಿಟ್ಟರೆ ಹೊರಗೆ ಬೇರೇನೂ ತಿಂದಿಲ್ಲ. ಉಳಿದವರು ಬಸ್ಸಿನಲ್ಲೇ ಮಲಗಿದ್ದರು. ಮೀನು ಹಳಸಿತ್ತು ಅಂತ ಹೋಟೆಲಿನವರ ಮೇಲೆ ದೂರು ಕೊಡಬಹುದಾ?

ಉತ್ತರ: ದೂರು ಬರೆಯುವ ಮೊದಲು ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಉತ್ತರ ಅದರಲ್ಲೇ ಇದೆ.

ಹೊಟ್ಟೆ ಕೆಟ್ಟ ಕೂಡಲೇ ನಾವು ಬೈಯುವುದು ಕೊನೆಗೆ ತಿಂದ ತಿಂಡಿಯನ್ನು. ಕರಾವಳಿಗೆ ಬಂದವರಂತೂ ಮೀನನ್ನು. ಆದರೆ ರೋಗಾಣು ಹೊಟ್ಟೆಗೆ ಹೋದ ಮೇಲೆ ಕರುಳಿನಲ್ಲಿ ಬೆಳೆಯಬೇಕು, ಆಮೇಲೆ ತೊಂದರೆ. ಅದಕ್ಕೆ ಎರಡು ಗಂಟೆ ಸಾಲದು. ಪ್ರವಾಸಿಗರ ಭೇದಿಗೆ ಸಾಮಾನ್ಯ ಕಾರಣ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಜಾತಿ. ಅದು ಕಾಣಿಸಿಕೊಳ್ಳಲು ಹೆಚ್ಚಾಗಿ ಒಂದರಿಂದ ಮೂರು ದಿನ ಬೇಕು. ನೋರೋವೈರಸ್ ಆದರೆ 12ರಿಂದ 48 ಗಂಟೆ. ಜಿಯಾರ್ಡಿಯಾ ಎಂಬ ಪರಾವಲಂಬಿ ವಾರ, ಎರಡು ವಾರ ಕಳೆದು ಮನೆ ಸೇರಿದ ಮೇಲೆ ಕಾಡುತ್ತದೆ.

ತಿಂದು ಒಂದೆರಡು ಗಂಟೆಯಲ್ಲೇ ಕೆಡುವುದೂ ಉಂಟು. ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಆಹಾರದಲ್ಲೇ ಬೆಳೆದು ಮೊದಲೇ ವಿಷ ಬಿಟ್ಟಿದ್ದರೆ ಹಾಗಾಗುತ್ತದೆ. ಆಗ ವಾಂತಿಯೇ ಮುಂದೆ, ಭೇದಿ ಹಿಂದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಒಂದು ದಿನದಲ್ಲಿ ಇಳಿಯುತ್ತದೆ. ನಿಮ್ಮದು ಹಾಗಿಲ್ಲ. ಹೊಟ್ಟೆ ಹಿಂಡಿದೆ, ಭೇದಿ ಆಗಿದೆ, ಮಗನಿಗೆ ಜ್ವರ ಬಂದಿದೆ.

ಈಗ ಲೆಕ್ಕ ಹಾಕಿ. ಸರ್ಬತ್ ಎಂಟೂ ಜನ ಕುಡಿದಿದ್ದೀರಿ. ಅತ್ತಿಗೆ ಮೀನು ಮುಟ್ಟಿಲ್ಲ. ಹೊಟ್ಟೆ ಕೆಟ್ಟ ಮೂವರಿಗೆ ಮಾತ್ರ ಸೇರಿದ್ದು ಶುಕ್ರವಾರ ರಾತ್ರಿಯ ಇಡ್ಲಿ. ಶನಿವಾರ ರಾತ್ರಿಗೆ ಸರಿಯಾಗಿ ಒಂದು ದಿನ. ಬಿಸಿ ಇಡ್ಲಿಯ ಮೇಲೆ ನನಗೆ ಸಂಶಯವಿಲ್ಲ, ಚಟ್ನಿಯ ಮೇಲಿದೆ. ಸಂಜೆ ರುಬ್ಬಿದ ತೆಂಗಿನಕಾಯಿ ಚಟ್ನಿ ಮಧ್ಯರಾತ್ರಿವರೆಗೂ ಬಕೆಟಿನಲ್ಲಿ ಇರುತ್ತದೆ. ಗಟ್ಟಿಯಾದಂತೆಲ್ಲ ಒಂದು ಮಗ್ ತಣ್ಣೀರು ಬೀಳುತ್ತದೆ. ಮಲ ಪರೀಕ್ಷೆ ಇಲ್ಲದೆ ಇದೇ ಅಂತ ಪ್ರಮಾಣ ಮಾಡಲಾರೆ. ಆದರೆ ಬೇಕಲದ ಅಂಜಲನ್ನು ನಾನಂತೂ ನಿರ್ದೋಷಿ ಅಂತ ಬಿಟ್ಟುಬಿಡುತ್ತೇನೆ.

ಮೀನು ನಿಜಕ್ಕೂ ತಪ್ಪಿತಸ್ಥ ಆಗುವುದು ಬೇರೆ ರೀತಿಯಲ್ಲಿ. ಬಂಗುಡೆ, ಬೂತಾಯಿ, ಕೇದರದಂಥ ಮೀನನ್ನು ಐಸ್ ಇಲ್ಲದೆ ಬಿಸಿಲಲ್ಲಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ತಿಂದ ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ ಮುಖ, ಕತ್ತು ಕೆಂಪಾಗುತ್ತದೆ. ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಎಷ್ಟು ಕರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಇದನ್ನು ಮೀನಿನ ಅಲರ್ಜಿ ಅಂದುಕೊಂಡು ಜೀವಮಾನವಿಡೀ ಬಂಗುಡೆ ಬಿಟ್ಟವರಿದ್ದಾರೆ, ಪಾಪ. ಅಲರ್ಜಿಯ ಮಾತ್ರೆಗೆ ಹೆಚ್ಚಾಗಿ ಇಳಿಯುತ್ತದೆ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮಾತ್ರ ಕೂಡಲೇ ಆಸ್ಪತ್ರೆ.

ಇನ್ನೊಂದು ಚಿಪ್ಪಿನ ಜೀವಿಗಳ ವಿಷಯ. ಮರುವಾಯಿ, ಕಲ್ಲುಮ್ಮಕ್ಕಾಯ ನೀರನ್ನು ಸೋಸಿ ಬದುಕುವಂಥವು. ನೀರಿನಲ್ಲಿರುವ ಕೊಳೆ, ವೈರಸ್ ಎಲ್ಲ ಒಳಗೆ ಕೂರುತ್ತದೆ. ಪಡನ್ನ, ಚೆರುವತ್ತೂರು ಕಡೆ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯ ಕೃಷಿಯೇ ಇದೆ. ಅಕ್ಕಿಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸಿ ಮತ್ತೆ ಕರಿಯುವ ಅರಿಕಡುಕ್ಕ ಹೊಟ್ಟೆಗೂ ಒಳ್ಳೆಯದು, ಬಾಯಿಗೂ ಒಳ್ಳೆಯದು. ಅರೆಬೆಂದದ್ದು ಬೇಡ.

ಮೀನಿಗಿಂತ ನನಗೆ ಹೆದರಿಕೆ ಇರುವುದು ಶವರ್ಮಾದ್ದು. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು. 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. 2023ರ ಜನವರಿಯಲ್ಲಿ ಕೇರಳ ಹಸಿಮೊಟ್ಟೆಯ ಮಯೊನೈಸನ್ನೇ ನಿಷೇಧಿಸಿತು. ಶವರ್ಮಾದ ಮಾಂಸ ಹೊರಮೈ ಕಪ್ಪಾಗಿ ಒಳಗೆ ಗುಲಾಬಿ ಬಣ್ಣ ಕಂಡರೆ ತಿನ್ನಬೇಡಿ. ಮಯೊನೈಸನ್ನು ಪಾರ್ಸೆಲ್ ಕಟ್ಟಿಸಿ ಕಾರಿನಲ್ಲಿಟ್ಟು ಸಂಜೆ ಬೀಚಿನಲ್ಲಿ ತಿನ್ನುವ ಚಾಳಿ ಬಿಟ್ಟುಬಿಡಿ.

ಪ್ರಶ್ನೆ: ಕುಂಬಳೆ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ಅತಿಥಿಗಳು ನಡುರಾತ್ರಿ ಬಾಗಿಲು ತಟ್ಟಿ "ಭೇದಿ ನಿಲ್ಲುವ ಮಾತ್ರೆ ಇದೆಯಾ" ಅಂತ ಕೇಳುತ್ತಾರೆ. ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಳ್ಳಬೇಕು? ನಮ್ಮದು ಬಾವಿ ನೀರು. ಪದಿಮುಖ (ನೀರಿಗೆ ಗುಲಾಬಿ ಬಣ್ಣ ಕೊಡುವ ಮರದ ಚಕ್ಕೆ) ಹಾಕಿ ಕುದಿಸಿಯೇ ಕೊಡುತ್ತೇವೆ.

ಉತ್ತರ: ಮಾತ್ರೆಗಿಂತ ಮೊದಲು ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ, ಧಾರಾಳವಾಗಿ. ಭೇದಿಯಲ್ಲಿ ಜನ ಸಾಯುವುದು ನೀರು, ಉಪ್ಪು ಕಳೆದುಕೊಂಡು. ಎಷ್ಟು ಸಲ ಹೋಯಿತು ಅನ್ನುವುದಕ್ಕಿಂತ ಹೋದದ್ದು ವಾಪಸ್ ಬಂತಾ ಅನ್ನುವುದು ಮುಖ್ಯ. ಕರುಳು ಕೆಟ್ಟಿದ್ದರೂ ಗ್ಲೂಕೋಸ್ ಜೊತೆಗಿದ್ದರೆ ಸೋಡಿಯಂ ಒಳಗೆ ಹೋಗುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಕುಡಿಸಿದರು. ಸಾವು ನೂರಕ್ಕೆ 30ರಷ್ಟಿದ್ದದ್ದು ನಾಲ್ಕಕ್ಕಿಂತ ಕೆಳಗಿಳಿಯಿತು. ಅದೇ ವಿದ್ಯೆ ಈಗ ನಿಮ್ಮ ಪೆಟ್ಟಿಗೆಯಲ್ಲಿ.

ಆದರೆ ಕಲಸುವಾಗ ಎಡವುತ್ತಾರೆ. ದೊಡ್ಡ ಪ್ಯಾಕೆಟ್ 20.5 ಗ್ರಾಂ, ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಒಂದು ಲೋಟಕ್ಕೆ ಒಂದು ಚಮಚ ಅಂತ ಅಂದಾಜಿಗೆ ಹಾಕಬೇಡಿ. ಗಟ್ಟಿಯಾದರೆ ಭೇದಿ ಜಾಸ್ತಿಯಾಗುತ್ತದೆ. ಲೋಟಕ್ಕೆಂದೇ ಇರುವ ಸಣ್ಣ ಪ್ಯಾಕೆಟ್ ಕೂಡ ಸಿಗುತ್ತದೆ, ಮೇಲೆ ಬರೆದದ್ದು ಓದಿ. ರುಚಿಗೆ ಸಕ್ಕರೆ ಬೇಡ, ಜ್ಯೂಸಿನಲ್ಲಿ ಕಲಸುವುದೂ ಬೇಡ. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಿ. ಪ್ಯಾಕೆಟ್ ಇಲ್ಲವೇ? ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆಯನ್ನು ನೀವಾಗಿ ಹಂಚಬೇಡಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ಅದು ಅಪಾಯ. ಮಕ್ಕಳಿಗಂತೂ ಬೇಡವೇ ಬೇಡ. ಜ್ವರ, ರಕ್ತ ಎರಡೂ ಇಲ್ಲದ ದೊಡ್ಡವರು ರಾತ್ರಿ ರೈಲು ಹತ್ತಲೇಬೇಕಾದರೆ ತೆಗೆದುಕೊಳ್ಳಬಹುದು, ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುವ ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ಕೂಡ ಸುಮ್ನೆ ನುಂಗುವುದಲ್ಲ. ಹೆಚ್ಚಿನ ಭೇದಿ ಆ್ಯಂಟಿಬಯೋಟಿಕ್ ಇಲ್ಲದೆ ಮೂರರಿಂದ ಐದು ದಿನದಲ್ಲಿ ಹೋಗುತ್ತದೆ. ಆ ಗುಂಪಿನ ಔಷಧಿಗೆ ನಮ್ಮ ದೇಶದ ಎಷ್ಟೋ ರೋಗಾಣುಗಳು ಈಗ ಜಗ್ಗುವುದೂ ಇಲ್ಲ.

ಇನ್ನು ನಿಮ್ಮ ಪದಿಮುಖದ ನೀರು. ಗುಲಾಬಿ ಬಣ್ಣ ಇದ್ದ ಮಾತ್ರಕ್ಕೆ ಕುದಿದಿದೆ ಅಂತ ಅರ್ಥವಲ್ಲ. ಊಟದ ಹೊತ್ತಿಗೆ ಜನ ಜಾಸ್ತಿಯಾದಾಗ ಕುದಿದ ನೀರಿಗೆ ಒಂದು ಕೊಡಪಾನ ತಣ್ಣೀರು ಸುರಿದು ಬೆಚ್ಚಗೆ ಮಾಡಿ ಕೊಡುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಕುದಿಸಿದ್ದೆಲ್ಲ ಅಲ್ಲಿಗೇ ದಂಡ. ನೀರು ಕೊತಕೊತ ಕುದಿಯುತ್ತಾ ಒಂದು ನಿಮಿಷ ಇರಲಿ, ಆಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ತಣಿಯಲಿ. ಈ ಬೆರಕೆ ನೀರಿನಿಂದ ಹೆಪಟೈಟಿಸ್ ಎ ಕಾಮಾಲೆಯೂ ಬರುತ್ತದೆ. ಅದು ಕಾಣಿಸಲು 15ರಿಂದ 50 ದಿನ ಬೇಕು. ಬೆಂಗಳೂರಿಗೆ ಹೋದ ಅತಿಥಿಗೆ ಒಂದು ತಿಂಗಳಾದ ಮೇಲೆ ಕಣ್ಣು ಹಳದಿಯಾದರೆ ನಿಮ್ಮ ಜಗಲಿಯ ನೀರಿನ ನೆನಪೂ ಅವರಿಗಿರುವುದಿಲ್ಲ.

ನಮ್ಮ ಕಡೆಯದು ಮುರಕಲ್ಲಿನ ನೆಲ. ತೂತು ತೂತು. ಶೌಚದ ಗುಂಡಿಯ ನೀರು ಬಾವಿಗೆ ಇಳಿಯುವುದು ಸುಲಭ, ಮಳೆಗಾಲದಲ್ಲಿ ಇನ್ನೂ ಸುಲಭ. ಎರಡರ ನಡುವೆ ಕನಿಷ್ಠ 15 ಮೀಟರ್ ಇರಲಿ. ಕ್ಲೋರಿನ್ ಹಾಕುವುದು ಕಷ್ಟವೇನಲ್ಲ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಆಸುಪಾಸು. ಪೌಡರನ್ನು ನೇರ ಬಾವಿಗೆ ಎಸೆಯಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಕಳೆದು ಬಳಸಬಹುದು. ಇದನ್ನು ರಾತ್ರಿ ಮಾಡಿದರೆ ಅನುಕೂಲ, ಬೆಳಗ್ಗೆಗೆ ವಾಸನೆಯೂ ಕಡಿಮೆ.

ಅಡುಗೆಯವರಿಗೇ ಹೊಟ್ಟೆ ಕೆಟ್ಟಿದ್ದರೆ ನಿಂತ ಮೇಲೂ ಎರಡು ದಿನ ಅಡುಗೆಮನೆಗೆ ಬಿಡಬೇಡಿ. ಕೈಗೆ ಸೋಪೇ ಆಗಬೇಕು. ಸ್ಯಾನಿಟೈಸರಿಗೆ ನೋರೋವೈರಸ್ ಅಷ್ಟಾಗಿ ಸಾಯುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಮಗು, ಜೊತೆಗೆ ಶುಗರ್, ಬಿಪಿ ಇರುವ ಅಪ್ಪ. ಇಬ್ಬರನ್ನೂ ಕರೆದುಕೊಂಡು ಬೆಂಗಳೂರಿನಿಂದ ಮಧೂರು, ಅನಂತಪುರ ದೇವಸ್ಥಾನ ನೋಡಿ ಬೇಕಲದಲ್ಲಿ ಎರಡು ದಿನ ಇರುವ ಯೋಚನೆ. ಹೊಟ್ಟೆ ಕೆಟ್ಟರೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಉತ್ತರ: ಮಗುವಿಗಿಂತ ನನಗೆ ನಿಮ್ಮ ಅಪ್ಪನ ಚಿಂತೆ ಜಾಸ್ತಿ. ಮಗು ಅಳುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹಿರಿಯರು "ಏನಿಲ್ಲ ಬಿಡಪ್ಪಾ" ಅನ್ನುತ್ತಾ, ಮತ್ತೆ ಮತ್ತೆ ಕಕ್ಕಸಿಗೆ ಹೋಗಬೇಕಲ್ಲ ಅಂತ ನೀರನ್ನೂ ಕುಡಿಯದೆ ಮಲಗಿಬಿಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರ ಹೋಗಿಸುವ ಬಿಪಿ ಮಾತ್ರೆ, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇಂಥವು ಕಿಡ್ನಿಗೆ ಭಾರವಾಗಬಹುದು ಅಥವಾ ಬೇರೆ ತೊಂದರೆ ಕೊಡಬಹುದು. ಹೊರಡುವ ಮೊದಲೇ ಅವರ ಡಾಕ್ಟರ ಹತ್ತಿರ ಕೇಳಿ: ವಾಂತಿ-ಭೇದಿ ಆದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಿಲ್ಲಿಸಬಾರದು? ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ನೀವಾಗಿ ನಿಲ್ಲಿಸುವಂತಿಲ್ಲ. ಶುಗರ್ ಇದ್ದರೂ ಓಆರ್‌ಎಸ್ ಕುಡಿಯಬಹುದು, ಶುಗರ್ ನೋಡುತ್ತಾ ಇರಿ. ಎದ್ದಾಗ ತಲೆ ಸುತ್ತಿದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಾತು ತಡವರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಗುವಿಗೆ ಪ್ರತಿ ಭೇದಿಯ ನಂತರ 100ರಿಂದ 200 ಮಿಲಿ ಓಆರ್‌ಎಸ್, ಚಮಚದಲ್ಲಿ, ನಿಧಾನಕ್ಕೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಊಟ ನಿಲ್ಲಿಸಬೇಡಿ. ಡಾಕ್ಟರು ಜಿಂಕ್ ಬರೆದುಕೊಟ್ಟರೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ ಪೂರ್ತಿ ಕೊಡಿ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡುವವರೇ ಜಾಸ್ತಿ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ಹೊರಗೆ ಬಂದರೆ ಆಸ್ಪತ್ರೆ. ಮಗು ಸಮುದ್ರದ ನೀರು ಒಂದೆರಡು ಗುಟುಕು ಕುಡಿದರೆ ಗಾಬರಿ ಬೇಡ. ಆದರೆ ತೋಡು, ಚರಂಡಿ ಬಂದು ಸೇರುವ ಜಾಗದಲ್ಲಿ, ಅದೂ ಜೋರು ಮಳೆ ಬಂದ ಮರುದಿನ, ಆಟಕ್ಕೆ ಬಿಡಬೇಡಿ.

ಪ್ರಶ್ನೆ: ಓಆರ್‌ಎಸ್ ರುಚಿ ಆಗುವುದಿಲ್ಲ. ಬದಲಿಗೆ ಸೀಯಾಳ ಕುಡಿದರೆ ಸಾಕಲ್ವಾ?

ಉತ್ತರ: ಸ್ವಲ್ಪ ಸುಸ್ತು, ಎರಡು ಮೂರು ಸಲ ಹೋಗಿದೆ ಅಂದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಸಾಲದು. ಸೀಯಾಳದಲ್ಲಿ ಪೊಟ್ಯಾಸಿಯಂ ಧಾರಾಳ, ಭೇದಿಯಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಕುಚ್ಚಲಕ್ಕಿ ಗಂಜಿ ತೆಳ್ಳಗೆ ಮಾಡಿ ಉಪ್ಪು ಹಾಕಿ ಕುಡಿಯಿರಿ. ಮನೆಯಲ್ಲಿ ಮಾಡಿದ ಉಪ್ಪು ಮಜ್ಜಿಗೆಯೂ ಆದೀತು. ಕೋಲಾ, ಪೆಟ್ಟಿಗೆಯ ಜ್ಯೂಸ್ ಬೇಡ, ಸಕ್ಕರೆ ವಿಪರೀತ. ಸೀಯಾಳವನ್ನು ನಿಮ್ಮ ಕಣ್ಣೆದುರೇ ಕೆತ್ತಿಸಿ ನೇರ ಬಾಯಿಗಿಟ್ಟು ಕುಡಿಯಿರಿ. ಜಗ್ಗಿನಲ್ಲಿ ತೆಗೆದಿಟ್ಟು ಐಸ್ ಹಾಕಿದ್ದು ಬೇಡ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಸೀಯಾಳ ಮುಟ್ಟಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.