ಫುಟ್‌ಪಾತ್ ಸಿಟಿದಾ, ಕೌಂಟಿದಾ, ನಿಮ್ಮದಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆ ತಗೊಂಡು ಇನ್ನೂ ವರ್ಷ ಆಗಿಲ್ಲ, ಮರದ ಬೇರಿಗೆ ಮನೆ ಮುಂದಿನ ಫುಟ್‌ಪಾತ್ ಎದ್ದಿದೆ, ನಿಮ್ಮ ಖರ್ಚಲ್ಲೇ ಸರಿ ಮಾಡಿಸಿ ಅಂತ ಸಿಟಿಯಿಂದ ನೋಟಿಸ್ ಬಂದಿದೆ, ಇಷ್ಟೊಂದು ಟ್ಯಾಕ್ಸ್ ಕಟ್ಟಿಯೂ ಇದು ನನ್ನ ತಲೆಗೇಕೆ, ಕೌಂಟಿಗೆ ದೂರು ಕೊಟ್ಟರೆ ಅವರು ಸಿಟಿಯವರ ಕಿವಿ ಹಿಂಡುತ್ತಾರಾ ಅಂತ ಕೇಳಿದ್ದೀರಿ. ಇಲ್ಲ, ಹಿಂಡುವುದಿಲ್ಲ. ಹಿಂಡುವ ಅಧಿಕಾರವೇ ಅವರಿಗಿಲ್ಲ.

ನಾನು ವಕೀಲ ಅಲ್ಲ. ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆ ಸುತ್ತಮುತ್ತ) ಬಹಳ ವರ್ಷದಿಂದ ಇದ್ದೇನೆ, ಒಮ್ಮೆ ಕೈ ಸುಟ್ಟುಕೊಂಡು ಈ ವಿಷಯ ಕಲಿತೆ. ನಮ್ಮ ಕಡೆಯಿಂದ ಬಂದವರೆಲ್ಲ ಮೊದಲು ಮಾಡುವ ತಪ್ಪನ್ನೇ ನೀವೂ ಮಾಡಿದ್ದೀರಿ. ಕೌಂಟಿ ಅಂದರೆ ಜಿಲ್ಲೆ, ಸಿಟಿ ಅಂದರೆ ಪುರಸಭೆ, ಪುರಸಭೆ ಕೇಳದಿದ್ದರೆ ಡಿಸಿ ಸಾಹೇಬರಿಗೆ ಅರ್ಜಿ. ಇಲ್ಲಿ ಹಾಗಿಲ್ಲ. ಸಿಟಿಯ ಮೇಲಧಿಕಾರಿ ಕೌಂಟಿ ಅಲ್ಲ. ಎರಡಕ್ಕೂ ಮೇಲಿರುವುದು ರಾಜ್ಯ.

ಅಮೆರಿಕದ ಸಂವಿಧಾನದಲ್ಲಿ ಸಿಟಿ, ಕೌಂಟಿ ಅನ್ನುವ ಮಾತೇ ಇಲ್ಲ. ನಮ್ಮಲ್ಲಾದರೆ 74ನೇ ತಿದ್ದುಪಡಿ ಬಂದಮೇಲೆ ನಗರಸಭೆಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು, 12ನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿಯೂ ಇದೆ (ಆ ಪಟ್ಟಿಯಲ್ಲಿ ಎಷ್ಟು ಕೆಲಸ ಕೈಗೆ ಬಂದಿದೆ ಅನ್ನುವುದು ಬೇರೆ ಕಥೆ ಬಿಡಿ). ಇಲ್ಲಿ ಎಲ್ಲವೂ ಆಯಾ ರಾಜ್ಯ ಕೊಟ್ಟದ್ದು. 1907ರಲ್ಲಿ ಒಂದು ಕೇಸ್ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಪಿಟ್ಸ್‌ಬರ್ಗ್ ಪಕ್ಕದ ಅಲೆಘೆನಿ ಅನ್ನುವ ಊರನ್ನು ಪಿಟ್ಸ್‌ಬರ್ಗ್‌ಗೆ ಸೇರಿಸಿದರು. ಅಲೆಘೆನಿಯ ಜನರಲ್ಲಿ ಹೆಚ್ಚಿನವರಿಗೆ ಅದು ಇಷ್ಟವಿರಲಿಲ್ಲ, ಆದರೆ ಎರಡೂ ಊರಿನ ಓಟು ಒಟ್ಟಿಗೆ ಎಣಿಸಿದ್ದರಿಂದ ಸೋತರು. ಊರನ್ನು ಕಟ್ಟುವುದು, ಕೂಡಿಸುವುದು, ಅಳಿಸುವುದು ರಾಜ್ಯದ ಇಷ್ಟ ಅಂದಿತು ಕೋರ್ಟ್. ಕನೆಕ್ಟಿಕಟ್ ರಾಜ್ಯ 1960ರಲ್ಲಿ ತನ್ನ ಕೌಂಟಿ ಸರ್ಕಾರಗಳನ್ನೇ ತೆಗೆದುಹಾಕಿತು.

ಹಾಗಂತ ಕ್ಯಾಲಿಫೋರ್ನಿಯಾದ ಊರುಗಳೇನೂ ಕೈಕಟ್ಟಿ ಕೂತಿಲ್ಲ. ರಾಜ್ಯದ ಕಾನೂನಿಗೆ ಅಡ್ಡ ಬರದಿದ್ದರೆ ಸಿಟಿಯೂ ಕೌಂಟಿಯೂ ತಮ್ಮ ಗಡಿಯೊಳಗೆ ತಮ್ಮದೇ ಕಾನೂನು ಮಾಡಿಕೊಳ್ಳಬಹುದು ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. ಸ್ಯಾನ್ ಹೋಸೆ ಚಾರ್ಟರ್ ಸಿಟಿ (ತನ್ನದೇ ಸನ್ನದಿನಂತೆ ನಡೆಯುವ ಊರು) ಬೇರೆ, ಊರಿನ ಒಳಗಿನ ವಿಷಯಗಳಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಸ್ವಾತಂತ್ರ್ಯ.

ನಾನು ನೆನಪಿಟ್ಟುಕೊಂಡಿರುವುದು ಇಷ್ಟು. ಸಿಟಿ ಕಡೆ 'ಮಾಡಬಹುದು' ಜಾಸ್ತಿ, ಕೌಂಟಿ ಕಡೆ 'ಮಾಡಲೇಬೇಕು' ಜಾಸ್ತಿ. ಸಿಟಿ ಅಂದರೆ ಅಲ್ಲಿನ ಜನ ಬೇಕು ಅಂತ ಕಟ್ಟಿಕೊಂಡದ್ದು. ಸ್ವಂತ ಪೊಲೀಸ್ ಇಲಾಖೆ ಕೂಡ ಇರಲೇಬೇಕು ಅಂತಿಲ್ಲ, ಕೂಪರ್ಟಿನೊ, ಸಾರಟೋಗ ಊರುಗಳಿಗೆ ದುಡ್ಡಿಗೆ ಪೊಲೀಸ್ ಕೆಲಸ ಮಾಡಿಕೊಡುವುದು ಶೆರೀಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಕೌಂಟಿಯನ್ನು ಮಾಡಿದ್ದು ರಾಜ್ಯ, ತನ್ನ ಕೆಲಸಕ್ಕೆ. ಚುನಾವಣೆ, ಜೈಲು, ಜನನ ಮರಣದ ದಾಖಲೆ, ಆಸ್ತಿ ತೆರಿಗೆ ವಸೂಲಿ ಎಲ್ಲ ಅದರ ತಲೆ ಮೇಲೆ. ಬೇರೆ ಯಾರೂ ನೋಡಿಕೊಳ್ಳದ ಬಡವರನ್ನು ಕೌಂಟಿ ನೋಡಿಕೊಳ್ಳಲೇಬೇಕು ಅಂತ ರಾಜ್ಯದ ಕಾನೂನೇ ಇದೆ, ದುಡ್ಡಿಲ್ಲ ಅಂದರೆ ನಡೆಯಲ್ಲ.

ಕೆಲವು ವಿಷಯದಲ್ಲಿ ಕೌಂಟಿ ಮಾತು ಸಿಟಿಯೊಳಗೂ ನಡೆಯುತ್ತದೆ. ಕೊರೊನಾ ಕಾಲದ 2020ರ ಮಾರ್ಚ್ 16 ನಿಮಗೆ ನೆನಪಿರಬಹುದು. ಮನೆ ಬಿಟ್ಟು ಹೊರಗೆ ಬರಬೇಡಿ ಅಂತ ಬೇ ಏರಿಯಾದ ಆರು ಕೌಂಟಿಗಳ ಆರೋಗ್ಯಾಧಿಕಾರಿಗಳು ಅವತ್ತು ಆದೇಶ ಹೊರಡಿಸಿದರು, ರಾಜ್ಯದ ಆದೇಶ ಬಂದದ್ದು ಮೂರು ದಿನ ಆದಮೇಲೆ. ಇನ್ನು ಯಾವ ಸಿಟಿಗೂ ಸೇರದ ಜಾಗ ಇದ್ದರೆ ಅಲ್ಲಿ ಕೌಂಟಿಯೇ ಸಿಟಿ ಇದ್ದಂತೆ. ನಿಮ್ಮ ಸ್ಯಾನ್ ಹೋಸೆಯ ಹೊಟ್ಟೆಯೊಳಗೇ ಬರ್ಬ್ಯಾಂಕ್ ಅಂತ ಒಂದು ಬಡಾವಣೆ ಹಾಗಿದೆ. ಸುತ್ತ ಸಿಟಿ, ಒಳಗೆ ಕೌಂಟಿ.

ಈಗ ಟ್ಯಾಕ್ಸ್. ಡಿಸೆಂಬರ್ 10ರ ಒಳಗೆ ಒಂದು ಕಂತು, ಏಪ್ರಿಲ್ 10ರ ಒಳಗೆ ಇನ್ನೊಂದು ಕಟ್ಟುತ್ತೀರಲ್ಲ, ಆ ಬಿಲ್ ಕಳಿಸುವುದು ಕೌಂಟಿ, ಆದರೆ ದುಡ್ಡೆಲ್ಲ ಕೌಂಟಿಗೆ ಹೋಗಲ್ಲ. ಶಾಲೆಗಳಿಗೆ ದೊಡ್ಡ ಪಾಲು, ಆಮೇಲೆ ಕೌಂಟಿ, ಸಿಟಿ, ಇನ್ನಿತರರಿಗೆ ಹಂಚಿಕೆ. ದರ ಏರಿಸೋಣ ಅಂದರೆ ಜನರೇ ಓಟು ಹಾಕಿ ತಂದ 1978ರ ಪ್ರಪೋಸಿಷನ್ 13 ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿದೆ. ಹಾಗಾಗಿ 'ಇಷ್ಟು ಕಟ್ಟಿದ್ದೀನಿ' ಅಂತ ಸಿಟಿ ಕೌಂಟರ್‌ನಲ್ಲಿ ಕೂಗಾಡಿ ಪ್ರಯೋಜನ ಇಲ್ಲ.

ನಿಮ್ಮ ಫುಟ್‌ಪಾತ್ ವಿಷಯಕ್ಕೆ ಬರೋಣ. ನೋಟಿಸ್ ಸರಿಯಾಗೇ ಇದೆ, ಕ್ಷಮಿಸಿ. ಪಕ್ಕದ ಫುಟ್‌ಪಾತ್ ದುರಸ್ತಿ ಆ ಆಸ್ತಿಯ ಮಾಲೀಕರದ್ದು ಅಂತ ರಾಜ್ಯದ ಬೀದಿ ಮತ್ತು ಹೆದ್ದಾರಿ ಕಾನೂನಿನ 5610ನೇ ಸೆಕ್ಷನ್ ಹೇಳುತ್ತದೆ. ನೀವು ಮಾಡಿಸದಿದ್ದರೆ ಸಿಟಿಯೇ ಮಾಡಿಸಿ ಖರ್ಚನ್ನು ನಿಮ್ಮ ಆಸ್ತಿಯ ಮೇಲೆ ಹಾಕಬಹುದು. ಇದಕ್ಕಿಂತ ಭಯ ಆಗಬೇಕಾದ ಸಂಗತಿ ಇನ್ನೊಂದಿದೆ. ಆ ಸೆಕ್ಷನ್ ಹೇಳುವುದು ದುರಸ್ತಿ ಬಗ್ಗೆ ಮಾತ್ರ, ಯಾರಾದರೂ ಎಡವಿ ಬಿದ್ದರೆ ಪರಿಹಾರ ಮಾಲೀಕರೇ ಕೊಡಬೇಕು ಅಂತ ಅದರಲ್ಲಿಲ್ಲ. ಸ್ಯಾನ್ ಹೋಸೆ ತನ್ನದೇ ಕಾನೂನು ಮಾಡಿ ಆ ಹೊಣೆಯನ್ನೂ ಮಾಲೀಕರ ಹೆಗಲಿಗೆ ಹಾಕಿತು. ಬಿದ್ದವರೊಬ್ಬರ ಕೇಸ್ ಮೇಲ್ಮನವಿ ಕೋರ್ಟ್‌ವರೆಗೆ ಹೋಯಿತು, 2004ರಲ್ಲಿ ಸಿಟಿ ಕಾನೂನು ಸರಿ ಅಂತಲೇ ತೀರ್ಪು ಬಂತು. ಅಂದರೆ ಆ ಎದ್ದಿರುವ ಚಪ್ಪಡಿಗೆ ನಾಳೆ ಯಾರೋ ಅಜ್ಜಿ ಎಡವಿದರೆ ವಕೀಲರ ಪತ್ರ ನಿಮ್ಮ ಮನೆಗೇ ಬರಬಹುದು. ಮನೆಯ ಇನ್ಶೂರೆನ್ಸ್ ಕಾಗದ ತೆಗೆದು ಇವತ್ತೇ ಒಮ್ಮೆ ನೋಡಿ.

ನಾನು ಕೈ ಸುಟ್ಟುಕೊಂಡದ್ದು ರಸ್ತೆ ಗುಂಡಿಯಲ್ಲಿ. ಜನವರಿ ಮಳೆ, ರಾತ್ರಿ, ಟೈರ್ ಒಡೆದು ರಿಮ್ ಬೆಂಡಾಯಿತು. ಮಾರನೇ ದಿನ ಹೋಗಿ, ಅಳತೆ ಗೊತ್ತಾಗಲಿ ಅಂತ ಗುಂಡಿ ಪಕ್ಕ ಚಪ್ಪಲಿ ಬಿಟ್ಟು ಫೋಟೊ ತೆಗೆದೆ. ಸಿಟಿಗೆ ಕ್ಲೇಮ್ ಹಾಕಿದೆ. ತಿಂಗಳ ಮೇಲೆ ಉತ್ತರ ಬಂತು, 'ಆ ರಸ್ತೆ ನಮ್ಮದಲ್ಲ, ಕೌಂಟಿಯದ್ದು.' ಇಲ್ಲಿ ಹಾಗೇ. ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿಯನ್ನೇ ನೋಡಿ, ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಊರೂರಿನ ನಡುವೆ ಹಾದು ಹೋದರೂ ಅದು ಕೌಂಟಿ ರಸ್ತೆ, ನಾವು ದೋಸೆ ತಿನ್ನೋಕೆ ಹೋಗುವ ಎಲ್ ಕಮೀನೊ ರಿಯಲ್ ಬಹುಪಾಲು ರಾಜ್ಯದ ಹೆದ್ದಾರಿ, ಅಲ್ಲಿಂದ ಒಳಗೆ ತಿರುಗಿದ ಬೀದಿ ಸಿಟಿಯದ್ದು. ಇಂಥ ನಷ್ಟಕ್ಕೆ ಕ್ಲೇಮ್ ಹಾಕಲು ಇರುವುದು 6 ತಿಂಗಳು ಮಾತ್ರ, ಬೇರೆಯವರ ಬಾಗಿಲು ತಟ್ಟುತ್ತಾ ಕೂತರೆ ಗಡಿಯಾರವೇನೂ ನಿಲ್ಲಲ್ಲ. ಕೌಂಟಿಗೂ ಹಾಕಿದೆ. ಈ ಗುಂಡಿ ಬಗ್ಗೆ ನಮಗೆ ಮೊದಲೇ ಯಾರೂ ಹೇಳಿರಲಿಲ್ಲ ಅಂತ ಅಲ್ಲೂ ತಳ್ಳಿಹಾಕಿದರು. ಅಪಾಯ ಗೊತ್ತಿತ್ತು, ಅಥವಾ ಗೊತ್ತಾಗಬೇಕಿತ್ತು ಅಂತ ತೋರಿಸದೆ ಇಂಥ ಕ್ಲೇಮ್ ನಿಲ್ಲುವುದು ಕಷ್ಟ. ದುಡ್ಡು ಬರಲಿಲ್ಲ. ಅವತ್ತಿಂದ ದಾರಿಯಲ್ಲಿ ಗುಂಡಿ ಕಂಡರೆ ಸಾಕು, ಆ್ಯಪ್‌ನಲ್ಲಿ ಫೋಟೊ ಹಾಕಿ ದೂರು ಕೊಡುತ್ತೇನೆ. ನನ್ನ ಹೆಂಡತಿಗೆ ಇದೊಂದು ಹುಚ್ಚು ಅನಿಸಿದೆ.

ಜಗಳ ಆಡಲೇಬೇಕು ಅಂದರೆ ಕೌಂಟಿಗಲ್ಲ, ಸಿಟಿ ಕೌನ್ಸಿಲ್ ಸಭೆಗೆ ಹೋಗಿ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಲೇಬೇಕು, ಅದು ರಾಜ್ಯದ ಬ್ರೌನ್ ಕಾಯ್ದೆ. ಅಲ್ಲಿಯವರೆಗೆ ಆ ಬೇರಿನ ಮೇಲೆ ಮಾತ್ರ ಕೊಡಲಿ ಹಾಕಿಸಬೇಡಿ. ಬೀದಿ ಬದಿಯ ಮರಕ್ಕೆ ನೀರು ಹಾಕಿ ನೋಡಿಕೊಳ್ಳಬೇಕಾದವರು ನೀವೇ, ಆದರೆ ಅದಕ್ಕೆ ಕೈ ಹಚ್ಚುವ ಮುಂಚೆ ಸಿಟಿಯಿಂದ ಪರ್ಮಿಟ್ ತಗೊಳ್ಳಬೇಕು.