ಮಂಡಿ ಕೆಡವುವ ಮುನ್ನ ಬಾಡಿಗೆದಾರರ ಜೊತೆ ಕುಳಿತು ಮಾತಾಡಿ

ಪ್ರಶ್ನೆ: ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ಮಂಡಿ ಇದೆ. 40 ಅಡಿ ಅಗಲ, 120 ಅಡಿ ಉದ್ದ, ಹಿಂದೆ ಓಣಿ. ರಸ್ತೆಯ ಕಡೆ ಮೂರು ಸಣ್ಣ ಮಳಿಗೆಗಳು: ಗ್ರಂಥಿಗೆ ಅಂಗಡಿ, ಬಳೆ ಅಂಗಡಿ, ಪಾತ್ರೆ ಅಂಗಡಿ. ಅವುಗಳ ನಡುವೆ ಒಳಗಿನ ಗೋದಾಮಿಗೆ ಗಾಡಿ ಹೋಗುವ ದೊಡ್ಡ ಬಾಗಿಲು. ಎಲ್ಲವನ್ನೂ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿ, ನೆಲಮಹಡಿಯನ್ನು ಒಂದೇ ದೊಡ್ಡ ಬಟ್ಟೆ ಕಂಪನಿಗೆ ಕೊಡೋಣ ಎನ್ನುತ್ತಾನೆ ತಮ್ಮ. ನಲವತ್ತು ವರ್ಷದ ಬಾಡಿಗೆದಾರರನ್ನು ಬೀದಿಗೆ ತಳ್ಳಲು ನನಗೆ ಮನಸ್ಸಿಲ್ಲ. ಲಾಭವೂ ಬರಬೇಕು, ನ್ಯಾಯವೂ ಉಳಿಯಬೇಕು. ಪರಿಸರಸ್ನೇಹಿ ಎನ್ನಿಸಿಕೊಳ್ಳಲು ತಾರಸಿಯ ಮೇಲೆ ಸೋಲಾರ್ ಹಾಕಿಸಿದರೆ ಸಾಕೇ?

ಉತ್ತರ: ಸೋಲಾರ್ ಮಾತು ಕೊನೆಗೆ. ಮೊದಲು ಕಾಗದಪತ್ರ ನೋಡಿ. ನಿಮ್ಮ ಹಳೆಯ ಕಟ್ಟಡ ರಸ್ತೆಯ ಅಂಚಿಗೇ ನಿಂತಿದೆ. ಅದನ್ನು ಕೆಡವಿದ ಕೂಡಲೇ ಇಂದಿನ ಕಟ್ಟಡ ನಿಯಮಗಳು ಅನ್ವಯವಾಗುತ್ತವೆ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಜಾಗ ಬಿಡಬೇಕು, ರಸ್ತೆ ವಿಸ್ತರಣೆಯ ಗೆರೆ ಇದ್ದರೆ ಅದಕ್ಕೂ ಜಾಗ ಬಿಡಬೇಕು. ಚೌಕಿಪೇಟೆಯಂಥ ಕಡೆ ಮುಂಭಾಗದ ಹತ್ತಡಿ ಎಂದರೆ ಹಿಂಭಾಗದ ಐವತ್ತು ಅಡಿಗಿಂತ ಬೆಲೆಬಾಳುವ ಜಾಗ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಮತ್ತು ಮಹಾನಗರ ಪಾಲಿಕೆ ಎರಡರಲ್ಲೂ ಇದನ್ನು ವಿಚಾರಿಸದೆ ನಕ್ಷೆಗೆ ಕೈ ಹಾಕಬೇಡಿ. ಮುಂಭಾಗವನ್ನು ಉಳಿಸಿಕೊಂಡು ಹಿಂದಿನ ಗೋದಾಮನ್ನಷ್ಟೇ ಹೊಸದಾಗಿ ಕಟ್ಟುವುದು ಹಲವು ಸಲ ಹೆಚ್ಚು ಲಾಭದ ದಾರಿ. ಭಾವುಕತೆಯಿಂದ ಈ ಮಾತು ಹೇಳುತ್ತಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಹೊರಬೀಳುತ್ತದೆ. ಗಟ್ಟಿಯಿರುವ ಗೋಡೆಯನ್ನು ಉಳಿಸಿದಷ್ಟೂ ಹೊಸ ಸಿಮೆಂಟ್ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಗೋಡೆ, ತೊಲೆ, ಕಂಬಗಳಿಗೆ ಗೆದ್ದಲು ಹಿಡಿದಿದೆಯೇ, ತಳಪಾಯ ಕುಸಿದಿದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ನೋಡಿಸಿ. ಕಟ್ಟಡ ಅಪಾಯದಲ್ಲಿದೆ ಎಂದು ಅವರು ಹೇಳಿದರೆ ಕೆಡವಲೇಬೇಕು. ಆಗಲೂ ತೇಗದ ತೊಲೆ, ಬಾಗಿಲು, ಕಲ್ಲುಚಪ್ಪಡಿಗಳನ್ನು ಜೆಸಿಬಿಯ ಬಾಯಿಗೆ ಕೊಡದೆ ಕೈಯಿಂದ ಬಿಚ್ಚಿಸಿ.

ಈಗ ಬಾಡಿಗೆದಾರರ ವಿಷಯ. ಕರ್ನಾಟಕ ಬಾಡಿಗೆ ಕಾಯ್ದೆ 1999 ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟಿದೆ. ಆದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಅಂಗಡಿಗಳು ಅದರ ವ್ಯಾಪ್ತಿಗೆ ಬರಬಹುದು. ಬಾಡಿಗೆಯ ಮೊತ್ತವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಳೆಯ ಪೇಟೆಯಲ್ಲಿ ಹತ್ತಡಿಗೆ ಹದಿನಾಲ್ಕಡಿಯ ಮಳಿಗೆ ಸಾಮಾನ್ಯ. ಅದು 140 ಚದರ ಅಡಿ. ನಿಮ್ಮ ಮೂರೂ ಮಳಿಗೆಗಳನ್ನು ಅಳೆಸಿ, ವಕೀಲರಿಗೆ ತೋರಿಸಿ. ‘ನೋಟಿಸ್ ಕೊಟ್ಟರೆ ಆಯಿತು’ ಎಂದು ನಿಮ್ಮ ತಮ್ಮ ಅಂದುಕೊಂಡಿದ್ದರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾದೀತು. ಅಷ್ಟು ವರ್ಷ ಕಟ್ಟಡವೂ ಇಲ್ಲ, ಹೊಸ ಬಾಡಿಗೆಯೂ ಇಲ್ಲ.

ನಿಮ್ಮ ನಿವೇಶನದ ಉದ್ದವೇ ನಿಮಗೊಂದು ಅನುಕೂಲ. ಎರಡು ಹಂತದಲ್ಲಿ ಕಟ್ಟಿ. ಮೊದಲು ಗೋದಾಮಿನ ಜಾಗದಲ್ಲಿ ಹೊಸ ಮಳಿಗೆಗಳು. ಅವು ಮುಗಿದ ಮೇಲೆ ಮೂವರೂ ತಾತ್ಕಾಲಿಕವಾಗಿ ಅಲ್ಲಿಗೆ ಹೋಗಲಿ, ಆಮೇಲೆ ಮುಂಭಾಗದ ದುರಸ್ತಿ ಅಥವಾ ಮರುನಿರ್ಮಾಣ. ಶ್ರಾವಣದಿಂದ ದೀಪಾವಳಿಯವರೆಗೆ ಮತ್ತು ಮದುವೆಯ ದಿನಗಳಲ್ಲಿ ಯಾರನ್ನೂ ಕದಲಿಸಬೇಡಿ. ಬಳೆ ಅಂಗಡಿಯವರ ವರ್ಷದ ದುಡಿಮೆ ಆ ತಿಂಗಳುಗಳಲ್ಲೇ ಇರುವುದು. ಮರಳಿ ಕೊಡುವ ಮಳಿಗೆಯ ಅಳತೆ, ಜಾಗ, ಹೊಸ ಬಾಡಿಗೆ, ವರ್ಷವರ್ಷದ ಏರಿಕೆ, ಕೊಡುವ ತಾರೀಖು, ತಡವಾದರೆ ಪರಿಹಾರ, ಇಷ್ಟನ್ನೂ ಕರಾರಿನಲ್ಲಿ ಬರೆಸಿ. ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ನವೀಕರಿಸುವ ನಮ್ಮ ಊರಿನ ಪದ್ಧತಿಯಿಂದ ಉಳಿಯುವುದು ನೋಂದಣಿ ಶುಲ್ಕ ಮಾತ್ರ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ; ಐದೋ ಒಂಬತ್ತೋ ವರ್ಷದ ನೋಂದಾಯಿತ ಕರಾರು ಇದ್ದರೆ ವ್ಯಾಪಾರಿ ಧೈರ್ಯವಾಗಿ ಬಂಡವಾಳ ಹಾಕುತ್ತಾನೆ, ನಿಮಗೂ ಬಾಡಿಗೆ ಖಚಿತ. ಹೊಸ ಬಾಡಿಗೆಯನ್ನು ಮೊದಲ ದಿನವೇ ಮಾರುಕಟ್ಟೆ ದರಕ್ಕೆ ಏರಿಸದೆ ಮೂರು ನಾಲ್ಕು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ.

ದೊಡ್ಡ ಕಂಪನಿಗೆ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅವರ ಕರಾರಿನಲ್ಲಿ ಲಾಕ್-ಇನ್ ಷರತ್ತನ್ನು, ಅಂದರೆ ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಮಾತನ್ನು, ಎರಡು ಸಲ ಓದಿ. ಸಾಮಾನ್ಯವಾಗಿ ಕಂಪನಿ ಕೆಲವೇ ವರ್ಷಕ್ಕೆ ಬದ್ಧ, ಮಾಲೀಕರು ಪೂರ್ತಿ ಅವಧಿಗೆ ಬದ್ಧ. ಅವರು ಬಿಟ್ಟುಹೋದ ದಿನ ನಿಮ್ಮ ಇಡೀ ನೆಲಮಹಡಿ ಖಾಲಿ. ಹನ್ನೆರಡು ಮಳಿಗೆಗಳಿದ್ದರೆ ಒಂದು ಖಾಲಿಯಾದರೂ ಹನ್ನೊಂದರ ಬಾಡಿಗೆ ಬರುತ್ತದೆ. ಹನ್ನೆರಡು ಎಲ್ಲಿಂದ ಬಂದವು ಎನ್ನುವಿರಾ? ಗಾಡಿ ಬಾಗಿಲಿನಿಂದ! ಆ ಹತ್ತಡಿ ದಾರಿಯನ್ನು ಹಿಂದಿನ ಓಣಿಯವರೆಗೂ ನೇರವಾಗಿ ತೆರೆಯಿರಿ. ರಸ್ತೆಯ ಕಡೆ ಮೂರೇ ಶೆಟರ್ ಇದ್ದ ಕಟ್ಟಡಕ್ಕೆ ಒಳದಾರಿಯ ಎರಡೂ ಬದಿಯಲ್ಲಿ ಹತ್ತು ಹನ್ನೆರಡು ಶೆಟರ್ ಸಿಗುತ್ತವೆ. ನಡುವೆ ತೊಟ್ಟಿಮನೆಯಲ್ಲಿರುವಂತೆ ಆಕಾಶಕ್ಕೆ ತೆರೆದ ಅಂಗಳ ಬಿಡಿ. ಬಿಸಿಗಾಳಿ ಮೇಲೆ ಹೋಗುತ್ತದೆ, ಹಗಲಲ್ಲಿ ದೀಪ ಬೇಡ. 120 ಅಡಿ ಉದ್ದದ ಕಟ್ಟಡಕ್ಕೆ ಇದಿಲ್ಲದಿದ್ದರೆ ಬೆಸ್ಕಾಂ ಬಿಲ್ ನಿಮ್ಮ ಬಾಡಿಗೆದಾರರನ್ನು ಓಡಿಸುತ್ತದೆ. ಕರೆಂಟು ಉಳಿಸಲು ಮೊದಲು ಈ ಅಂಗಳ, ಸೋಲಾರ್ ಆಮೇಲೆ. ಹಾಕಿಸುವುದಾದರೆ ಹಾಕಿಸಿ, ಆದರೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಸಹಾಯಧನ ಮನೆಗಳಿಗೆ ಮಾತ್ರ, ಅಂಗಡಿ ಕಟ್ಟಡಕ್ಕಿಲ್ಲ.

ಇನ್ನು ಶೌಚಾಲಯ. ಜಗಳೂರು, ಹರಪನಹಳ್ಳಿ, ಹೊನ್ನಾಳಿ ಕಡೆಯಿಂದ ಮದುವೆ ಬಟ್ಟೆಗೆ ಬರುವ ಹೆಣ್ಣುಮಕ್ಕಳು ಇಡೀ ದಿನ ಪೇಟೆಯಲ್ಲಿರುತ್ತಾರೆ. ಅವರಿಗೆ ಒಂದು ಶುಚಿಯಾದ ಶೌಚಾಲಯ, ಕುಡಿಯುವ ನೀರು, ಮಗುವನ್ನು ಎತ್ತಿಕೊಂಡು ಕೂರಲು ಒಂದು ಕಟ್ಟೆ ಕೊಟ್ಟ ಕಟ್ಟಡ ಪೇಟೆಯಲ್ಲಿ ಎಷ್ಟಿದೆ ನೀವೇ ಎಣಿಸಿ. ಇದನ್ನು ಮಹಡಿಯ ಮೂಲೆಗೆ ತಳ್ಳಿ ಬೀಗ ಹಾಕಬೇಡಿ. ನೆಲಮಹಡಿಯಲ್ಲಿ, ಅಂಗಳದ ಪಕ್ಕ ಇರಲಿ. ನಿರ್ವಹಣೆಯ ಖರ್ಚನ್ನು ಎಲ್ಲ ಮಳಿಗೆಗಳಿಗೂ ಹಂಚಿ ಕರಾರಿನಲ್ಲೇ ಸೇರಿಸಿ. ಮಾರಾಟದ ಹುಡುಗಿಯರಿಗೂ ಅದು ಬೇಕು, ಕೂರಲು ಸ್ಟೂಲೂ ಬೇಕು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ಕಾನೂನು ಹೇಳುವವರೆಗೆ ನಾವು ಕಾಯಬೇಕಿಲ್ಲ.

ನೆಲಮಟ್ಟದ ಬಗ್ಗೆ ಒಂದು ಎಚ್ಚರಿಕೆ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಏರುತ್ತದೆಂದು ಹೆದರಿ ಎಲ್ಲರೂ ಎರಡಡಿ ಎತ್ತರಕ್ಕೆ ಕಟ್ಟಿ, ಮೆಟ್ಟಿಲನ್ನು ಚರಂಡಿಯ ಮೇಲೆ ಚಾಚುತ್ತಾರೆ. ಗಾಲಿಕುರ್ಚಿಯ ಇಳಿಜಾರು 1:12ರಷ್ಟಿರಬೇಕು. ಎರಡಡಿ ಏರಲು 24 ಅಡಿ ಉದ್ದ ಬೇಕು. ಅಷ್ಟು ಜಾಗ ಪೇಟೆಯಲ್ಲಿ ಯಾರ ಬಳಿಯೂ ಇಲ್ಲ. ಅರ್ಧ ಅಡಿ ಎತ್ತರ ಇಟ್ಟರೆ ಆರಡಿಯ ಇಳಿಜಾರು ನಿಮ್ಮ ಜಾಗದೊಳಗೇ ಮುಗಿಯುತ್ತದೆ. ಮಳೆನೀರು ನುಗ್ಗದಂತೆ ಬಾಗಿಲಲ್ಲಿ ಜಾಲರಿ ಮುಚ್ಚಿದ ಕಾಲುವೆ ಕೊಡಿ.

ಪ್ರಶ್ನೆ: ದಾವಣಗೆರೆಯ ಅಶೋಕ ರಸ್ತೆಯ ಬಳಿ ನಮ್ಮ ಹೊಸ ಕಾಂಪ್ಲೆಕ್ಸ್ ಏಳುತ್ತಿದೆ. ಎದುರಿಗೇ ಹೂವು, ಹಣ್ಣಿನ ತಳ್ಳುಗಾಡಿಗಳು ನಿಲ್ಲುತ್ತವೆ. ತೆರವು ಮಾಡಿಸಲು ಯಾರನ್ನು ಕಾಣಬೇಕು?

ಉತ್ತರ: ಯಾರನ್ನೂ ಕಾಣಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವುದಾದರೂ 30 ದಿನದ ನೋಟಿಸ್ ಬೇಕು. ಇದನ್ನೆಲ್ಲ ನೋಡಲು ಪಟ್ಟಣ ವ್ಯಾಪಾರ ಸಮಿತಿ ಇದೆ. ಅದರ ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. ಕಾಯ್ದೆಯನ್ನು ಬದಿಗಿಡೋಣ. ಹೂವಿನವರು ಇರುವ ಕಡೆ ಜನ ನಿಲ್ಲುತ್ತಾರೆ, ನಿಂತವರು ನಿಮ್ಮ ಅಂಗಡಿಯ ಕಡೆ ತಿರುಗಿ ನೋಡುತ್ತಾರೆ. ನಿಮ್ಮ ಸೆಟ್‌ಬ್ಯಾಕ್‌ನ ಅಂಚಿನಲ್ಲಿ ಒಂದು ನಲ್ಲಿ, ಒಂದು ಕಸದ ತೊಟ್ಟಿ, ತುಸು ನೆರಳು ಕೊಟ್ಟು ನೋಡಿ. ನಿಜವಾದ ಅಡ್ಡಿ ಬಹುಪಾಲು ವಾಹನಗಳದ್ದು. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಸೆಲ್ಲಾರ್ ಕಟ್ಟಿದ ಮೇಲೆ ಮೊಬೈಲ್ ಅಂಗಡಿಯಾಗುವುದನ್ನು ನಮ್ಮ ಊರು ಬೇಕಾದಷ್ಟು ನೋಡಿದೆ. ನಿಮ್ಮದರಲ್ಲಿ ಪಾರ್ಕಿಂಗ್ ಪಾರ್ಕಿಂಗಾಗಿಯೇ ಇರಲಿ. ಒಂದು ಕಾರಿನ ಜಾಗದಲ್ಲಿ ಐದಾರು ಬೈಕ್ ನಿಲ್ಲುತ್ತವೆ ಎಂಬ ಲೆಕ್ಕವೂ ನೆನಪಿರಲಿ.

ಪ್ರಶ್ನೆ: ಚಿತ್ರದುರ್ಗದಲ್ಲಿ 40x60 ನಿವೇಶನದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ ಸಮುಚ್ಚಯ ಕಟ್ಟುತ್ತಿದ್ದೇವೆ. ಮುಂಭಾಗಕ್ಕೆಲ್ಲ ಗಾಜು ಹಾಕಿಸಲು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಬೇಡ. ಏಪ್ರಿಲ್‌ನ ಸಂಜೆ ಬಿಸಿಲು ನೇರವಾಗಿ ಆ ಗಾಜಿಗೆ ಹೊಡೆಯುತ್ತದೆ, ಒಳಗಿನವರು ಎ.ಸಿ. ಹಾಕಿಯೂ ಬೆವರುತ್ತಾರೆ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ತಿರುಗುವ ಊರಿನಲ್ಲಿ ಕಿಟಕಿ ತೆರೆಯಲಾಗದ ಕಟ್ಟಡ ಕಟ್ಟುವುದೇ? ನೆಲಮಹಡಿಯ ಪ್ರದರ್ಶನಕ್ಕಷ್ಟೇ ಗಾಜು ಇರಲಿ, ಅದರ ಮೇಲೆ ಐದಡಿಯಾದರೂ ಚಾಚಿದ ನೆರಳು ಕೊಡಿ. ಮೇಲಿನ ಮಹಡಿಗಳಿಗೆ ಜಾಲಂಧ್ರ (ಗಾಳಿಯಾಡುವ ಜಾಲರಿ ಗೋಡೆ), ಆಳವಾದ ಕಿಟಕಿಗಳು. ವಿದ್ಯುತ್ ಸಂಪರ್ಕದ ಹೊರೆ 100 ಕಿಲೋವ್ಯಾಟ್ ಮುಟ್ಟುವಂತಿದ್ದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ಬಗ್ಗೆಯೂ ವಾಸ್ತುಶಿಲ್ಪಿಯನ್ನು ಕೇಳಿ.

ನೀವು ಕೇಳದಿದ್ದರೂ ನೀರಿನ ಮಾತು ಹೇಳುತ್ತೇನೆ. ಕೋಟೆಯ ಮೇಲೆ ಬಿದ್ದ ಮಳೆ ಹೊಂಡದಿಂದ ಹೊಂಡಕ್ಕೆ ಇಳಿದು ಸಂತೆಹೊಂಡಕ್ಕೆ ಬರುವಂತೆ ಪಾಳೆಯಗಾರರ ಕಾಲದವರು ಮಾಡಿದ್ದರು. ತಾರಸಿ, ಅಂಗಳ ಎಲ್ಲ ಸೇರಿ ನಿಮ್ಮ ನಿವೇಶನ ಸುಮಾರು 220 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದು ಕಡಿಮೆ ಹಿಡಿದು, ಐದರಲ್ಲಿ ಒಂದು ಪಾಲು ಪೋಲಾದರೂ 88,000 ಲೀಟರ್ ಸಿಗುತ್ತದೆ. ಅಂಗಳದ ಕೆಳಗೆ ತೊಟ್ಟಿ ಕಟ್ಟಿಸಲು ತಳಪಾಯ ತೋಡುವಾಗಲೇ ಸುಸಮಯ. ಹಾಗೆಯೇ ಪ್ರತಿ ಮಳಿಗೆಯ ನಾಮಫಲಕಕ್ಕೂ ಮುಂಭಾಗದಲ್ಲಿ ಒಂದೇ ಅಳತೆಯ ಪಟ್ಟಿಯನ್ನು ನಕ್ಷೆಯಲ್ಲೇ ಗುರುತಿಸಿಬಿಡಿ. ಇಲ್ಲದಿದ್ದರೆ ಬಾಡಿಗೆಗೆ ಬಂದವರು ಮೊದಲ ದೀಪಾವಳಿಗೇ ನಿಮ್ಮ ಜಾಲಂಧ್ರ, ಕಿಟಕಿಗಳನ್ನೆಲ್ಲ ಫ್ಲೆಕ್ಸ್ ಕಟ್ಟಿ ಮುಚ್ಚುತ್ತಾರೆ.