ಹಿತ್ತಲ ಕೋಳಿ: ವಸಂತದ ಪ್ರಶ್ನೆಗಳು

ಪ್ರಶ್ನೆ: ನಮ್ಮ ಐದು ಹೇಂಟೆಗಳಲ್ಲಿ ಒಂದು ಹತ್ತು ದಿನದಿಂದ ಗೂಡು ಬಿಟ್ಟು ಏಳುತ್ತಿಲ್ಲ. ಹತ್ತಿರ ಹೋದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತದೆ. ಹುಂಜ ಇಲ್ಲ, ಮರಿಯೂ ಬೇಡ. ತಣ್ಣೀರಿನಲ್ಲಿ ಮುಳುಗಿಸಿದರೆ ಕಾವು ಬಿಡುತ್ತದೆ ಎನ್ನುತ್ತಾರೆ, ನಿಜವೆ?

ಉತ್ತರ: ಮುಳುಗಿಸಬೇಡಿ. ಕೋಳಿ ಹೆದರುತ್ತದೆ, ನೆನೆದು ನಡುಗುತ್ತದೆ, ಮೈ ಒಣಗಿದ ಮೇಲೆ ಮತ್ತೆ ಅದೇ ಗೂಡಿಗೆ ಹೋಗಿ ಕೂರುತ್ತದೆ. ಹೊಟ್ಟೆಯಡಿ ಬೆಚ್ಚಗೆ, ಕತ್ತಲು ಕತ್ತಲಾಗಿ ಇರುವಷ್ಟು ದಿನವೂ ಅದರ ಕಾವು ಮುಂದುವರಿಯುತ್ತದೆ. ಆ ಎರಡನ್ನೂ ತಪ್ಪಿಸಿದರೆ ಸಾಕು. ತಳಕ್ಕೆ ತಂತಿಬಲೆ ಇರುವ ಪಂಜರವನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಬೆಳಕಿದ್ದೂ ನೆರಳಿರುವ ಕಡೆ ಇಡಿ. ಒಳಗೆ ಹುಲ್ಲು, ಹೊಟ್ಟು ಏನೂ ಬೇಡ, ಆಹಾರ ಮತ್ತು ನೀರು ಮಾತ್ರ ಇರಲಿ. ಮೂರು ಹಗಲು, ಮೂರು ರಾತ್ರಿ ಕಳೆದ ಮೇಲೆ ಬಿಟ್ಟು ನೋಡಿ. ನೆಟ್ಟಗೆ ಗೂಡಿಗೇ ಓಡಿದರೆ ಇನ್ನೆರಡು ದಿನ ಇರಿಸಿ. ಮೊದಲ ದಿನವೇ ಹೀಗೆ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. ಹತ್ತು ದಿನ ಕೂತದ್ದು ಹಟ ಬಿಡಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಮೊಟ್ಟೆ ಮತ್ತೆ ಶುರುವಾಗಲು ಕೆಲವು ವಾರವೇ ಹಿಡಿಯಬಹುದು. ಅಲ್ಲಿಯವರೆಗೆ ಉಳಿದ ಕೋಳಿಗಳ ಮೊಟ್ಟೆಯನ್ನು ದಿನಕ್ಕೆರಡು ಸಲ ತೆಗೆಯಿರಿ. ಗೂಡಿನಲ್ಲಿ ಮೊಟ್ಟೆ ರಾಶಿ ಬಿದ್ದರೆ ಇನ್ನೊಂದಕ್ಕೂ ಕೂರುವ ಆಸೆ ಹುಟ್ಟುತ್ತದೆ.

ಪ್ರಶ್ನೆ: ಕಾವಿಗೆ 15 ಮೊಟ್ಟೆ ಇಟ್ಟರೆ ನಾಲ್ಕೇ ಮರಿಯಾದವು. ತಪ್ಪು ಕೋಳಿಯದೋ, ಮೊಟ್ಟೆಯದೋ?

ಉತ್ತರ: ಒಡೆಯದ ಮೊಟ್ಟೆಗಳನ್ನು ಎಸೆದುಬಿಟ್ಟಿದ್ದೀರಿ ಅನಿಸುತ್ತದೆ. ಮುಂದಿನ ಸಲ ಮನೆಯಿಂದ ದೂರ ಒಯ್ದು, ಮೂಗು ಮುಚ್ಚಿಕೊಂಡಾದರೂ ಸರಿ, ಒಂದೊಂದನ್ನೂ ಒಡೆದು ನೋಡಿ. ಒಳಗೆ ಬರೀ ಹಳದಿ ಇದ್ದರೆ ಅದು ಗೊಡ್ಡು ಮೊಟ್ಟೆ: ಹುಂಜ ಮುದಿಯಾಗಿದೆ ಅಥವಾ ಹೇಂಟೆಗಳ ಸಂಖ್ಯೆಗೆ ಸಾಲುತ್ತಿಲ್ಲ. ಬರೀ ರಕ್ತದ ಉಂಗುರ ಕಂಡರೆ ಮೊದಲ ವಾರದಲ್ಲೇ ಸತ್ತದ್ದು. ಹೆಚ್ಚಾಗಿ ಹಳೆಯ ಮೊಟ್ಟೆ ಇಟ್ಟದ್ದರ ಫಲ. ಗರಿ ಬಂದ ಪೂರ್ತಿ ಮರಿ ಸತ್ತಿದ್ದರೆ ಕೊನೆಯ ದಿನಗಳಲ್ಲಿ ತಾಯಿ ಎದ್ದುಹೋಗಿದೆ ಅಥವಾ ಯಾರೋ ಕೆಣಕಿದ್ದಾರೆ.

15 ಹೆಚ್ಚಾಯಿತು. ಸಾಧಾರಣ ಗಾತ್ರದ ಹೇಂಟೆಗೆ 10ರಿಂದ 12 ಸಾಕು. ರೆಕ್ಕೆಯಂಚಿನಲ್ಲಿ ಒಂದು ಮೊಟ್ಟೆ ಇಣುಕುತ್ತಿದ್ದರೂ ಅದು ತಣ್ಣಗಾಗುತ್ತದೆ. ತಾಯಿ ದಿನವೂ ಮೊಟ್ಟೆಗಳನ್ನು ಒಳಗೆ ಹೊರಗೆ ಹೊರಳಿಸುವುದರಿಂದ ಸರದಿಯ ಪ್ರಕಾರ ಎಲ್ಲಕ್ಕೂ ಆ ತಣ್ಪು ತಟ್ಟುತ್ತದೆ. ಕಾವಿಗಿಡುವ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು, ತೊಳೆದದ್ದೂ ಆಗಬಾರದು. ಕೂಡಿಡುವಾಗ ಚೂಪು ತುದಿ ಕೆಳಗಿರಲಿ, ಜಾಗ ತಂಪಾಗಿರಲಿ. ಫ್ರಿಜ್ ಮಾತ್ರ ಬೇಡ.

ಇನ್ನೊಂದು ತಪ್ಪು ತುಂಬಾ ಮನೆಗಳಲ್ಲಿ ಆಗುತ್ತದೆ. ಬೇರೆ ಹೇಂಟೆಗಳು ಅದೇ ಗೂಡಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. 21ನೇ ದಿನ ಮೊದಲ ಮರಿಗಳು ಬಂದ ಒಂದೆರಡು ದಿನದಲ್ಲಿ ತಾಯಿ ಅವನ್ನು ಕರೆದುಕೊಂಡು ಹೊರಟುಬಿಡುತ್ತದೆ, ತಡವಾಗಿ ಸೇರಿದವು ಅರ್ಧಕ್ಕೇ ಸಾಯುತ್ತವೆ. ಎಲ್ಲವನ್ನೂ ಒಂದೇ ದಿನ ಇಟ್ಟು, ಪೆನ್ಸಿಲಿನಿಂದ ಗುರುತು ಹಾಕಿ. ಗುರುತಿಲ್ಲದ್ದನ್ನು ಪ್ರತಿ ಸಂಜೆ ತೆಗೆಯಿರಿ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ: ಜೇಡನ ಕಾಲಿನಂತೆ ನರ ಹರಡಿದ್ದರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. 18ನೇ ದಿನದ ನಂತರ ಮುಟ್ಟುವುದೇ ಬೇಡ. ಮರಿ ಚಿಪ್ಪು ತೂತು ಮಾಡಿ ಹೊರಬರಲು ಒಂದು ದಿನ ಹಿಡಿದರೂ ಕಾಯಿರಿ. ಕನಿಕರದಿಂದ ಸುಲಿಯಲು ಹೋದರೆ ಒಳಪೊರೆಯ ನರ ಹರಿದು ರಕ್ತ ಹೋಗುತ್ತದೆ.

ಪ್ರಶ್ನೆ: ಮೊಟ್ಟೆಯೊಡೆದು ಒಂದೇ ದಿನದ 20 ಮರಿ ತಂದು ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿ ಇಟ್ಟಿದ್ದೆವು. ಮೂರನೇ ಬೆಳಗ್ಗೆ ಏಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು.

ಉತ್ತರ: ರೋಗವಲ್ಲ, ಚಳಿ. ವಸಂತದ ಹಗಲು ಬೆಚ್ಚಗಿರುತ್ತದೆ, ನಡುರಾತ್ರಿಯಿಂದ ತಣ್ಪು ಇಳಿಯುತ್ತದೆ. ಸಂಜೆ ಸರಿಯಿದ್ದ ಬಲ್ಬ್ ಬೆಳಗಿನ ಜಾವಕ್ಕೆ ಸಾಲುವುದಿಲ್ಲ. ಬಿಸಿಗಾಗಿ ಮರಿಗಳು ಒತ್ತಿಕೊಂಡಾಗ ಪೆಟ್ಟಿಗೆಯ ಮೂಲೆಯಲ್ಲಿ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಮೂಲೆಗಳೇ ಇಲ್ಲದಂತೆ ದಪ್ಪ ರಟ್ಟನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ. ಬಲ್ಬ್ ಮಧ್ಯಕ್ಕೆ ತೂಗಾಡಲಿ, ವೈರಿನ ಜೊತೆ ಗಟ್ಟಿ ಸರಪಳಿಯನ್ನೂ ಕಟ್ಟಿ. ಜಾರಿ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಹೋಗಿ. ಥರ್ಮಾಮೀಟರಿಗಿಂತ ಮರಿಗಳನ್ನು ನಂಬಿ. ಬಲ್ಬಿನಡಿ ಗುಂಪಾಗಿ ಕಿರುಚುತ್ತಿದ್ದರೆ ಚಳಿ, ಬಲ್ಬ್ ಇಳಿಸಿ. ರೆಕ್ಕೆ ಜೋತುಬಿಟ್ಟು, ಬಾಯಿ ತೆರೆದು ಅಂಚಿಗೆ ಸರಿದಿದ್ದರೆ ಸೆಕೆ, ಮೇಲೆತ್ತಿ. ಎಲ್ಲೆಡೆ ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ. ನೆಲಕ್ಕೆ ನುಣುಪು ಕಾಗದ ಹಾಸಬೇಡಿ, ಕಾಲು ಜಾರಿ ಕವಲೊಡೆಯುತ್ತವೆ. ಬಂದ ಮೊದಲ ದಿನ ಒಂದೊಂದರ ಕೊಕ್ಕನ್ನೂ ನೀರಿಗೆ ತಾಗಿಸಿ ಕುಡಿಯಲು ಕಲಿಸಿ. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿದರೆ ಮುಳುಗುವುದಿಲ್ಲ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಮೆದುಮಾಡಿ ಒರೆಸಿ, ಎಳೆಯಬೇಡಿ.

ಪ್ರಶ್ನೆ: ನಾಲ್ಕು ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ. ಮಂಕಾಗಿ ಕೂತಿವೆ.

ಉತ್ತರ: ಮೂರರಿಂದ ಆರು ವಾರದ ಮರಿಗಳಲ್ಲಿ ಇದು ಹೆಚ್ಚಾಗಿ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ತಡಮಾಡದೆ ಪಶುವೈದ್ಯರಿಗೆ ಹಿಕ್ಕೆಯ ಮಾದರಿ ತೋರಿಸಿ. ಸಾಮಾನ್ಯವಾಗಿ ಆಂಪ್ರೋಲಿಯಂ ಅನ್ನು ಕುಡಿಯುವ ನೀರಿನಲ್ಲಿ ಕೊಡಿಸುತ್ತಾರೆ. ಜೊತೆಗೆ ಬಿ ವಿಟಮಿನ್ ಟಾನಿಕ್ ಹಾಕಬೇಡಿ: ಬಿ1 ಸಿಗದಂತೆ ಮಾಡಿಯೇ ಈ ಔಷಧ ರೋಗಾಣುವನ್ನು ತಡೆಯುತ್ತದೆ. ಟಾನಿಕ್ ಕೋರ್ಸ್ ಮುಗಿದ ಮೇಲೆ. ರೋಗ ಹಬ್ಬಿಸುವುದು ಒದ್ದೆ ಹಾಸು, ಅದರಲ್ಲೂ ನೀರಿನ ಪಾತ್ರೆಯ ಸುತ್ತಲಿನದು. ಕೈಯಲ್ಲಿ ಹಿಂಡಿದ ಹೊಟ್ಟು ಉಂಡೆಯಾಗಿ ನಿಂತರೆ ಅಂದೇ ಬದಲಿಸಿ. ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿದರೆ ಚೆಲ್ಲುವುದು ಕಡಿಮೆ.

ಪ್ರಶ್ನೆ: ಸಂಜೆಯಾದರೂ ಕೋಳಿಗಳು ಗೂಡಿಗೆ ಹೋಗುತ್ತಿಲ್ಲ, ಮರ ಏರುತ್ತವೆ. ಜುಟ್ಟು ಬಿಳಿಚಿಕೊಂಡಿದೆ. ಹಗಲು ಮೈಮೇಲೆ ಹೇನಿಲ್ಲ.

ಉತ್ತರ: ಹಗಲು ಹುಡುಕಿದರೆ ಸಿಗುವುದಿಲ್ಲ. ಕೆಂಪು ನುಸಿ ಹಗಲು ಕೂರುವ ಕೋಲಿನ ಬಿರುಕಲ್ಲಿ ಅಡಗಿ, ರಾತ್ರಿ ರಕ್ತ ಕುಡಿಯುತ್ತದೆ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗ ಒರೆಸಿ. ಕೆಂಪು ಗೀರು ಬಂದರೆ ಖಚಿತ. ಕೋಲುಗಳನ್ನು ಕಳಚಿ, ಬಿರುಕು ಬಿರುಕಿಗೂ ಕುದಿನೀರು ಸುರಿದು, ತಿಕ್ಕಿ, ಬಿಸಿಲಿಗೆ ಒಣಗಿಸಿ, ಹಳೆಯ ಹಾಸನ್ನು ಸುಟ್ಟುಹಾಕಿ. ಬೆಚ್ಚನೆ ಹವೆಯಲ್ಲಿ ನುಸಿ ವಾರದಿಂದ ಹತ್ತು ದಿನದೊಳಗೆ ಹೊಸ ಪೀಳಿಗೆ ತರುವುದರಿಂದ ಇದನ್ನು ಐದಾರು ದಿನಕ್ಕೊಮ್ಮೆ ಮೂರು ಸಲ ಮಾಡಬೇಕು. ಒಂದೇ ಸಲ ಮಾಡಿ ಬಿಡುವುದರಿಂದಲೇ ಜನ ಸೋಲುತ್ತಾರೆ. ಕೋಳಿಗಳನ್ನು ಹೊರಗಿಟ್ಟು ಗೂಡನ್ನು ವಾರ ಖಾಲಿ ಬಿಟ್ಟರೂ ನುಸಿ ಸಾಯದು, ಹಸಿದು ತಿಂಗಳುಗಟ್ಟಲೆ ಬದುಕುತ್ತದೆ. ಮೈಗೆ ಹಾಕುವ ಔಷಧ ವೈದ್ಯರು ಹೇಳಿದ್ದೇ ಇರಲಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದೂ ಕೇಳಿ.

ಪ್ರಶ್ನೆ: ಮರಿಗಳು ತಾಯಿಯ ಲೇಯರ್ ಆಹಾರ (ಮೊಟ್ಟೆಯಿಡುವ ಕೋಳಿಗಳ ಆಹಾರ) ತಿಂದರೆ ತೊಂದರೆಯೇ?

ಉತ್ತರ: ಹೌದು. ಅದರಲ್ಲಿರುವ 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಎಲ್ಲಕ್ಕೂ ಮರಿಗಳ ಆಹಾರವನ್ನೇ ಹಾಕಿ, ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ, ಮರಿಗಳು ಅದನ್ನು ಹೆಚ್ಚು ಮುಟ್ಟುವುದಿಲ್ಲ.